ಕಾರ್ಬುರೇಟರ್ ಬಿಚ್ಚುವ ಮುಂಚೆ ಕೈಯಲ್ಲಿರುವ ಟೂಲ್ ನೋಡಿ

2020ರ ಏಪ್ರಿಲ್ 1ರಿಂದ ಹೊಗೆಯ ಮಿತಿ ಬಿಗಿಮಾಡಿದ ಬಿಎಸ್6 ನಿಯಮ ಬಂದ ಮೇಲೆ ಶೋರೂಮಿನ ಬೈಕುಗಳಿಂದ ಕಾರ್ಬುರೇಟರ್, ಅಂದರೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಇಂಜಿನ್ನಿಗೆ ಕಳಿಸುವ ಭಾಗ, ಹೆಚ್ಚುಕಡಿಮೆ ಮಾಯವೇ ಆಯಿತು. ಆದರೆ ನಮ್ಮ ಕಾಸರಗೋಡು ಕಡೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯ ತೋಟದ ದಾರಿಗಳಲ್ಲಿ ಇಂದಿಗೂ ಓಡುತ್ತಿರುವುದು ಹಳೆಯ ಸ್ಪ್ಲೆಂಡರ್, ಪಲ್ಸರ್, ಅಲ್ಲೊಂದು ಇಲ್ಲೊಂದು ಆರ್‌ಎಕ್ಸ್ 100, ಬುಲೆಟ್. ಪೇಟೆಯ ವರ್ಕ್‌ಶಾಪುಗಳಲ್ಲಿ ಹೊಸ ಹುಡುಗರಿಗೆ ಸ್ಕ್ಯಾನರ್ ಚುಚ್ಚಿ ನೋಡುವ ಅಭ್ಯಾಸ. ಜೆಟ್ (ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ತುಂಡು) ಬಿಚ್ಚಿ ತೊಳೆಯುವ ಕೆಲಸಕ್ಕೆ ಅವರಿಗೆ ಪುರುಸೊತ್ತೂ ಇಲ್ಲ, ಅದರಲ್ಲಿ ಹೆಚ್ಚಿನ ಲಾಭವೂ ಇಲ್ಲ. ಹಾಗಾಗಿ ಬೈಕ್ ಇದ್ದವರೇ ಮನೆಯ ಜಗಲಿಯಲ್ಲಿ ಕೂತು ಕಾರ್ಬುರೇಟರ್ ಬಿಚ್ಚುವುದು ಜಾಸ್ತಿಯಾಗಿದೆ. ಒಳ್ಳೆಯದೇ. ಆದರೆ ಸೆಕೆಂಡ್ ಹ್ಯಾಂಡ್ ಬೈಕಿನ ಕಾರ್ಬುರೇಟರನ್ನು ಒಮ್ಮೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಬೌಲಿನ, ಅಂದರೆ ಪೆಟ್ರೋಲ್ ನಿಲ್ಲುವ ತಳದ ಬಟ್ಟಲಿನ, ನಾಲ್ಕು ಸ್ಕ್ರೂಗಳಲ್ಲಿ ಎರಡರ ತಲೆ ಗುಂಡಾಗಿರುತ್ತದೆ, ಒಂದರ ಮೇಲೆ ಪ್ಲೈಯರಿನ ಹಲ್ಲಿನ ಗುರುತಿರುತ್ತದೆ, ಜೆಟ್ಟಿನ ಸೀಳು ಅಗಲವಾಗಿ ಹರಿದಿರುತ್ತದೆ. ಇದು ಓಡಿ ಸವೆದದ್ದಲ್ಲ, ಟೂಲ್ ಕೆಡಿಸಿದ್ದು.

ಕಾರಣ ಇರುವುದು ಲೋಹದಲ್ಲಿ. ಕಾರ್ಬುರೇಟರಿನ ಮೈ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಅಚ್ಚು. ಅದರೊಳಗೆ ಹೊಕ್ಕಿರುವ ಸ್ಕ್ರೂ ಉಕ್ಕಿನದು, ಜೆಟ್ ಹಿತ್ತಾಳೆಯದು. ಕೂಡುವಲ್ಲೆಲ್ಲ ರಬ್ಬರ್. ಗಟ್ಟಿ ಮೆದುಗಳ ಈ ಬೆರಕೆಯಲ್ಲಿ ಸ್ಕ್ರೂಡ್ರೈವರ್ ಜಾರಿದರೆ ಪೆಟ್ಟು ಬೀಳುವುದು ಯಾವಾಗಲೂ ಮೆದುವಾದದ್ದಕ್ಕೆ. ಅದಕ್ಕೇ ನನ್ನ ಲೆಕ್ಕದಲ್ಲಿ ನೂರು ಪೀಸಿನ ಟೂಲ್ ಪೆಟ್ಟಿಗೆಗಿಂತ ಸರಿಯಾಗಿ ಕೂರುವ ಎರಡು ಸ್ಕ್ರೂಡ್ರೈವರ್ ಮೇಲು. ದುಡ್ಡು ಹಾಕುವುದಿದ್ದರೆ ಮೊದಲು ಅದಕ್ಕೆ ಹಾಕಿ, ಉಳಿದದ್ದನ್ನು ನೆರೆಮನೆಯಿಂದ ಕಡ ತಂದರೂ ನಡೆಯುತ್ತದೆ.

ಮೊದಲನೆಯದು ಸ್ಟಾರ್. ಅಂಗಡಿಯಲ್ಲಿ ‘ಒಂದು ಸ್ಟಾರ್ ಕೊಡಿ’ ಎಂದರೆ ಸಿಗುವುದು ಫಿಲಿಪ್ಸ್ ಮೊನೆಯದು. ನಮ್ಮಲ್ಲಿನ ಬಹುಪಾಲು ಬೈಕುಗಳ ಕಾರ್ಬುರೇಟರ್ ಮಾತ್ರ ಜಪಾನಿನ ಮಿಕುನಿ ಅಥವಾ ಕೀಹಿನ್ ವಿನ್ಯಾಸದ್ದು. ತಯಾರಾಗುವುದು ಚೆನ್ನೈ, ಪುಣೆಯಂಥ ಕಡೆಯಾದರೂ ಸ್ಕ್ರೂವಿನ ಗುಂಡಿಯ ಆಕಾರ ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್ ಪದ್ಧತಿಯದು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು ಮೂಲೆಯಲ್ಲಿ. ಫಿಲಿಪ್ಸ್ ಮೊನೆಯ ನಾಲ್ಕು ರೆಕ್ಕೆಗಳು ಕೂಡುವಲ್ಲಿ ದುಂಡಗೆ ತುಂಬಿಕೊಂಡಿರುತ್ತದೆ, ಜೆಐಎಸ್ ಗುಂಡಿಯ ಮೂಲೆ ಹೆಚ್ಚು ಚೌಕ. ಆ ದುಂಡು ಭಾಗ ಮೊದಲೇ ತಾಗಿ ನಿಲ್ಲುವುದರಿಂದ ಮೊನೆ ತಳದವರೆಗೆ ಇಳಿಯುವುದಿಲ್ಲ. ಮೇಲಿನ ಅರ್ಧವಷ್ಟೇ ಹಿಡಿದುಕೊಂಡಿರುತ್ತದೆ. ತಿರುಗಿಸಿದ ಕೂಡಲೇ ಮೊನೆ ಮೇಲಕ್ಕೆ ಹತ್ತಿ, ಗುಂಡಿಯ ಅಂಚನ್ನು ಕೆರೆದುಕೊಂಡು ಹೊರಬರುತ್ತದೆ. ಹೀಗೆ ಎರಡು ಸಲ ಆದರೆ ಸ್ಕ್ರೂವಿನ ಕಥೆ ಮುಗಿಯಿತು.

ಅನೇಕ ಜೆಐಎಸ್ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಒತ್ತಿರುತ್ತದೆ. ಚುಕ್ಕಿ ಇಲ್ಲದಿದ್ದರೂ ಹಳೆಯ ಮಿಕುನಿ, ಕೀಹಿನ್ ಆಗಿದ್ದರೆ ಜೆಐಎಸ್ ಎಂದೇ ಹೊರಡಿ. ಜೆಐಎಸ್ ಡ್ರೈವರ್ ಫಿಲಿಪ್ಸ್ ಸ್ಕ್ರೂವಿಗೆ ತಕ್ಕಮಟ್ಟಿಗೆ ಒಗ್ಗುತ್ತದೆ, ಫಿಲಿಪ್ಸ್ ಡ್ರೈವರ್ ಜೆಐಎಸ್ ಸ್ಕ್ರೂವಿಗೆ ಒಗ್ಗುವುದಿಲ್ಲ. ಆದ್ದರಿಂದ ಒಂದೇ ಕೊಳ್ಳುವುದಾದರೆ ಜೆಐಎಸ್ಸೇ ಕೊಳ್ಳಬೇಕು. ಜಪಾನಿನ ವೆಸೆಲ್ ಕಂಪೆನಿಯದು ಆನ್‌ಲೈನಿನಲ್ಲಿ ಸಿಗುತ್ತದೆ. ತಪಾರಿಯಾದಂಥ ನಮ್ಮ ಕಂಪೆನಿಗಳ ಡ್ರೈವರ್ ಉಕ್ಕಿನಲ್ಲಿ ಕಡಿಮೆಯೇನಲ್ಲ, ಆಕಾರವಷ್ಟೇ ಫಿಲಿಪ್ಸ್. ಅದು ಮಾತ್ರ ಕೈಯಲ್ಲಿದ್ದರೆ ಒಂದು ಉಪಾಯವಿದೆ: ಮೊನೆಯ ತುದಿಯನ್ನು ಅರ ಅಥವಾ ಸಾಣೆಕಲ್ಲಿನಲ್ಲಿ ಅರ್ಧ ಮಿಲಿಮೀಟರಿನಷ್ಟು ಸಪಾಟು ಮಾಡಿದರೆ ಗುಂಡಿಯೊಳಗೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಜೆಐಎಸ್‌ಗೆ ಸಮವಲ್ಲ, ಆದರೆ ಮೊದಲಿಗಿಂತ ಎಷ್ಟೋ ವಾಸಿ.

ಸೈಜು ತಪ್ಪುವುದು ಇನ್ನೂ ಸಾಮಾನ್ಯ. 3ರಿಂದ 5 ಮಿಲಿಮೀಟರಿನ ಸ್ಕ್ರೂಗಳಿಗೆ ನಂಬರ್ 2 ಮೊನೆ, 6 ಮಿಲಿಮೀಟರಿನವಕ್ಕೆ ನಂಬರ್ 3. ಬೌಲಿನ ಸ್ಕ್ರೂ ಸಾಮಾನ್ಯವಾಗಿ 4 ಮಿಲಿಮೀಟರಿನದು, ಕೆಲವದರಲ್ಲಿ 5. ಎರಡಕ್ಕೂ ನಂಬರ್ 2. ನಂಬರ್ 1 ಮೊನೆಯೂ ಇದರೊಳಗೆ ಹೋಗುತ್ತದೆ, ಸ್ವಲ್ಪ ಹಿಡಿದಂತೆಯೂ ಅನಿಸುತ್ತದೆ. ತಲೆ ಗುಂಡಾಗುವುದು ಮುಕ್ಕಾಲು ಪಾಲು ಅದರಿಂದಲೇ. ಮರಗೆಲಸದವರ ಬಿಟ್ ಸೆಟ್ಟಿನಲ್ಲಿ ಬರುವ ಪೋಜಿಡ್ರೈವ್ ಮೊನೆಯೂ ಸ್ಟಾರಿನಂತೆಯೇ ಕಾಣುತ್ತದೆ. ರೆಕ್ಕೆಗಳ ನಡುವೆ ಇನ್ನೂ ನಾಲ್ಕು ಸಣ್ಣ ಏಣು ಕಂಡರೆ ಅದು ಪೋಜಿಡ್ರೈವ್. ಇತ್ತ ತರಬೇಡಿ.

ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಾಗಲಿ, ಕಾಸರಗೋಡು ಪೇಟೆಯ ಅಂಗಡಿಗಾಗಲಿ ಹೋಗುವಾಗ ಬೌಲಿನ ಹಳೆಯ ಸ್ಕ್ರೂ ಒಂದನ್ನು ಜೇಬಿನಲ್ಲಿ ಹಾಕಿಕೊಳ್ಳಿ. ಡ್ರೈವರಿನ ಮೊನೆಗೆ ಅದನ್ನು ಸಿಕ್ಕಿಸಿ ಅಡ್ಡಕ್ಕೆ ಹಿಡಿಯಿರಿ. ಸರಿಯಾದ ಮೊನೆಯಾದರೆ ಸ್ಕ್ರೂ ತಾನಾಗಿ ನಿಲ್ಲುತ್ತದೆ. ಆಮೇಲೆ ಬೆರಳಲ್ಲಿ ಅತ್ತಿತ್ತ ಅಲ್ಲಾಡಿಸಿ, ಲೊಡಲೊಡ ಅಂದರೆ ಬೇಡ. ಮೊನೆಗೆ ಅಯಸ್ಕಾಂತ ಇದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ, ಅಲ್ಲಾಡಿಸಿ ನೋಡುವುದನ್ನೇ ನಂಬಬೇಕು. ಹಿಡಿ ದಪ್ಪವಿರಲಿ. ಮೊನೆಯ ಸರಳು ಹಿಡಿಯ ಬುಡದವರೆಗೂ ಬಂದಿರುವಂಥದ್ದಾದರೆ ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಲೂ ಆಗುತ್ತದೆ.

ತಟ್ಟುವ ಅಗತ್ಯ ನಮ್ಮ ಊರಲ್ಲಿ ಬಂದೇ ಬರುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕರಾವಳಿಯಲ್ಲಿ ಉಪ್ಪುಗಾಳಿ, ಒಳನಾಡಿಗೆ ಹೋದರೆ ಬಿಡದ ಮಳೆ. ಉಕ್ಕಿನ ಸ್ಕ್ರೂವೂ ಅಲ್ಯೂಮಿನಿಯಂ ಮೈಯೂ ಒದ್ದೆಯಲ್ಲಿ ತಾಗಿಕೊಂಡಿದ್ದರೆ ನಡುವೆ ಬಿಳಿ ಪುಡಿ ಕಟ್ಟಿ ಸ್ಕ್ರೂ ಕಚ್ಚಿಕೊಳ್ಳುತ್ತದೆ. ಅಲ್ಲಿ ಬಲ ಹಾಕಿದವರೇ ಕೆಟ್ಟರು. ಮೊದಲು ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಮರುದಿನ ಮೊನೆಯನ್ನು ಗುಂಡಿಯಲ್ಲಿ ಕೂರಿಸಿ ಹಿಡಿಯ ಬುಡಕ್ಕೆ ಸಣ್ಣ ಸುತ್ತಿಗೆಯಲ್ಲಿ ಎರಡು ಮೂರು ಪೆಟ್ಟು ಕೊಡಿ. ಕಾರ್ಬುರೇಟರನ್ನು ಮಡಚಿದ ಗೋಣಿಯ ಮೇಲಿಟ್ಟುಕೊಳ್ಳಬೇಕು, ವೈಸಿನಲ್ಲಿ ಸಿಕ್ಕಿಸಬಾರದು. ನಂತರ ಕೆಳಗೆ ಬಲವಾಗಿ ಒತ್ತಿ, ತಿರುಗಿಸುವುದಕ್ಕೆ ಕಡಿಮೆ ಬಲ ಹಾಕಿ. ಕೈಯ ಬಲದಲ್ಲಿ ಮುಕ್ಕಾಲು ಒತ್ತುವುದಕ್ಕೆ, ಕಾಲು ಭಾಗ ತಿರುಗಿಸುವುದಕ್ಕೆ. ಆಗಲೂ ಬಾರದಿದ್ದರೆ ಮೇಲಿನಿಂದ ಕುದಿನೀರು ಹೊಯ್ಯಿರಿ. ಮೈಯ ಲೋಹ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಗ್ಯಾಸ್ ಟಾರ್ಚ್ ಹಿಡಿಯುವವರೂ ಇದ್ದಾರೆ. ಪೆಟ್ರೋಲಿನ ಪಸೆ ಇರುವಲ್ಲಿ ಅದು ಬೇಡವೇ ಬೇಡ, ಮೇಲಾಗಿ ಸತುವಿನ ಮೈ ಬೇಗ ಮೆತ್ತಗಾಗುತ್ತದೆ.

ಸುತ್ತಿಗೆಯಿಂದ ಬಡಿದು ತಿರುಗಿಸುವ ದೊಡ್ಡ ಇಂಪ್ಯಾಕ್ಟ್ ಡ್ರೈವರ್ ಇಂಜಿನ್ ಕವರಿನ ಸ್ಕ್ರೂಗಳಿಗೆ ಒಳ್ಳೆಯದು. ಕಾರ್ಬುರೇಟರಿಗೆ ಅದರ ಪೆಟ್ಟು ಭಾರಿಯಾಯಿತು, ಸ್ಕ್ರೂ ಕೂರುವ ಕಿವಿಯೇ ಒಡೆದು ಬರುತ್ತದೆ. ಮೊನೆ ಜಾರುತ್ತಿದೆ ಅನಿಸಿದರೆ ವಾಲ್ವ್ ಉಜ್ಜುವ ಪೇಸ್ಟನ್ನು ತುದಿಗೆ ಒಂದು ಚಿಟಿಕೆ ಸವರಿ. ಅದರ ಮರಳಿನಂಥ ಕಣಗಳು ಕಚ್ಚಿ ಹಿಡಿಯುತ್ತವೆ. ಕೆಲಸವಾದ ಮೇಲೆ ಆ ಪೇಸ್ಟ್ ಒಂದು ಕಣವೂ ಉಳಿಯದಂತೆ ತೊಳೆಯಬೇಕು. ತಲೆ ಪೂರ್ತಿ ಹೋಗಿಬಿಟ್ಟಿದ್ದರೆ ಹ್ಯಾಕ್ಸಾ ಬ್ಲೇಡಿನಲ್ಲಿ ತಲೆಯ ಮೇಲೊಂದು ಸೀಳು ಕೊಯ್ದು ಮೈನಸ್ ಡ್ರೈವರ್ ಹಾಕಿ. ಇಲ್ಲವೇ ಅಂಚು ಸಿಗುವಂತಿದ್ದರೆ ವೈಸ್ ಗ್ರಿಪ್ಪಿನಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಹಳೆ ಸ್ಕ್ರೂ ಬಿಸಾಡಿ ಸ್ಟೀಲಿನ ಅಲೆನ್ ಬೋಲ್ಟ್ ಹಾಕುವುದು ಈಗಿನ ರೂಢಿ. 4 ಮಿಲಿಮೀಟರಿನ ಅಲೆನ್ ಬೋಲ್ಟಿಗೆ 3 ಮಿಲಿಮೀಟರಿನ ಕೀ, 5ರದ್ದಕ್ಕೆ 4ರ ಕೀ. ಬಿಚ್ಚಲು ಸುಲಭ ನಿಜ, ತಂಟೆ ಇರುವುದು ಬಿಗಿಯುವಾಗ. ಅಲೆನ್ ಕೀಯ ಉದ್ದ ಕೈಯಿಂದ ಎಷ್ಟು ಬಲ ಬೀಳುತ್ತದೆಂದು ಗೊತ್ತೇ ಆಗುವುದಿಲ್ಲ. 4 ಮಿಲಿಮೀಟರಿನ ಈ ಸ್ಕ್ರೂಗಳಿಗೆ ಬೇಕಾದದ್ದು ಸುಮಾರು 2 ನ್ಯೂಟನ್ ಮೀಟರ್ ಮಾತ್ರ. ಕೀಯ ಗಿಡ್ಡ ಕಾಲನ್ನು ಮೂರು ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಾಕಾದೀತು. ಅದಕ್ಕಿಂತ ಜಾಸ್ತಿ ಬಿಗಿದರೆ ಮೈಯ ಮರೆ (ಥ್ರೆಡ್) ಕಿತ್ತು ಬರುತ್ತದೆ. ಇನ್ನು ಉಪ್ಪುಗಾಳಿಯ ಊರಲ್ಲಿ ಸ್ಟೇನ್‌ಲೆಸ್ ಬೋಲ್ಟೂ ಅಲ್ಯೂಮಿನಿಯಮ್ಮೂ ಒಂದನ್ನೊಂದು ಬೇಗ ಕಚ್ಚಿಕೊಳ್ಳುತ್ತವೆ. ಮರೆಗೆ ಸ್ವಲ್ಪ ಗ್ರೀಸ್ ಸವರದೆ ಹಾಕಬೇಡಿ. ಉದ್ದವನ್ನೂ ಹಳೆಯದರ ಜೊತೆ ಹಿಡಿದು ನೋಡಿ. ಒಂದೆರಡು ಮಿಲಿಮೀಟರ್ ಹೆಚ್ಚಿದ್ದರೆ ಬೋಲ್ಟ್ ತಳಕ್ಕೆ ತಾಗಿ ‘ಬಿಗಿಯಾಯಿತು’ ಅನಿಸುತ್ತದೆ, ಬೌಲಿನಿಂದ ಪೆಟ್ರೋಲ್ ಜಿನುಗುತ್ತಲೇ ಇರುತ್ತದೆ.

ಇನ್ನೊಂದು ಸ್ಕ್ರೂಡ್ರೈವರ್ ಮೈನಸ್. ಇದನ್ನು ಕೊಂಡರಷ್ಟೇ ಸಾಲದು, ಜೆಟ್ಟಿಗೆ ತಕ್ಕಂತೆ ಅರದಲ್ಲಿ ತಿದ್ದಿಕೊಳ್ಳಬೇಕು. ಅಂಗಡಿಯ ಮೈನಸ್ ಡ್ರೈವರಿನ ತುದಿಯನ್ನು ಪಕ್ಕದಿಂದ ನೋಡಿ. ಬುಡದಲ್ಲಿ ದಪ್ಪ, ತುದಿಗೆ ಬರುತ್ತಾ ತೆಳು. ಆ ಓರೆ ತುದಿಯನ್ನು ಹಿತ್ತಾಳೆ ಜೆಟ್ಟಿನ ಸೀಳಿಗಿಟ್ಟರೆ ಸೀಳಿನ ಬಾಯಿಯ ಎರಡು ಅಂಚು ಮಾತ್ರ ತಾಗುತ್ತವೆ, ತಳದಲ್ಲಿ ಖಾಲಿ. ತಿರುಗಿಸಿದರೆ ಬಲವೆಲ್ಲ ಆ ಎರಡು ಗೆರೆಗಳ ಮೇಲೆ ಬಿದ್ದು ಹಿತ್ತಾಳೆ ಮಡಚಿಕೊಳ್ಳುತ್ತದೆ. ಬೇಕಾದದ್ದು ಕೊನೆಯ 5 ಮಿಲಿಮೀಟರ್ ಎರಡೂ ಮುಖ ಸಮಾನಾಂತರವಾಗಿರುವ ತುದಿ. ಸಣ್ಣ ಹಲ್ಲಿನ ಅರದಲ್ಲಿ ಒಂದೊಂದೇ ಮುಖವನ್ನು ನೇರಕ್ಕೆ ಉಜ್ಜುತ್ತಾ, ನಡುನಡುವೆ ಜೆಟ್ಟಿನ ಸೀಳಿಗಿಟ್ಟು ನೋಡುತ್ತಾ ಹೋಗಬೇಕು. ತುದಿ ಸೀಳಿನ ತಳ ಮುಟ್ಟಬೇಕು, ಅಲ್ಲಾಡಬಾರದು, ಹಾಗೆಂದು ತುರುಕುವಂತೆಯೂ ಇರಬಾರದು. ಗ್ರೈಂಡರಿಗೆ ಹಿಡಿಯುವುದಾದರೆ ಪ್ರತಿ ಸಲವೂ ನೀರಲ್ಲಿ ಅದ್ದಿ. ತುದಿ ನೀಲಿಗಟ್ಟಿತೋ, ಉಕ್ಕಿನ ಪದ ಹೋಯಿತು. ಮುಂದಿನ ಸಲ ಬಿಗಿಯಾದ ಜೆಟ್ ಸಿಕ್ಕಾಗ ಜೆಟ್ ಬರುವುದಿಲ್ಲ, ಡ್ರೈವರೇ ಮುರುಟುತ್ತದೆ.

ಅಗಲವೂ ಅಷ್ಟೇ ಮುಖ್ಯ. ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಆಳದ ಬಾವಿಯೊಳಗಿರುತ್ತದೆ. ತುದಿ ಬಾವಿಗಿಂತ ಅಗಲವಾದರೆ ಇಳಿಯುವುದಿಲ್ಲ, ತೀರಾ ಕಿರಿದಾದರೆ ಸೀಳಿನ ನಡುಭಾಗವನ್ನು ಮಾತ್ರ ಹಿಡಿದು ಅಲ್ಲಿರುವ ತೂತನ್ನೇ ಕೆಡಿಸುತ್ತದೆ. ವರ್ನಿಯರಿನಲ್ಲಿ ಬಾವಿಯ ವ್ಯಾಸ ಅಳೆದು, ಅದಕ್ಕಿಂತ ಒಂದು ಕೂದಲೆಳೆ ಕಡಿಮೆ ಅಗಲಕ್ಕೆ ತುದಿಯ ಬದಿಗಳನ್ನು ಉಜ್ಜಿ. ಸರಳು 75ರಿಂದ 100 ಮಿಲಿಮೀಟರ್ ಉದ್ದ, ನೆಟ್ಟಗೆ ಇರಲಿ. ಸಾಮಾನ್ಯವಾಗಿ ಎರಡು ಡ್ರೈವರ್ ಬೇಕಾಗುತ್ತವೆ, ಒಂದು ಪೈಲಟ್ ಜೆಟ್ಟಿಗೆ, ಒಂದು ಜೋರಿನ ಓಟಕ್ಕೆ ಪೆಟ್ರೋಲ್ ಕೊಡುವ ಮೈನ್ ಜೆಟ್ಟಿಗೆ. ಇವನ್ನು ಬೇರೆ ಯಾವ ಕೆಲಸಕ್ಕೂ ಕೊಡಬೇಡಿ. ಮನೆಯವರು ಪೇಂಟ್ ಡಬ್ಬದ ಮುಚ್ಚಳ ಎಬ್ಬಿಸಲು ಹುಡುಕುವುದು ಇಂಥದ್ದನ್ನೇ.

ಮೈನ್ ಜೆಟ್ ತಿರುಗಿಸುವಾಗ ಹಲವು ಕಾರ್ಬುರೇಟರುಗಳಲ್ಲಿ ಅದು ಕೂತಿರುವ ಹೋಲ್ಡರೂ ಜೊತೆಗೆ ತಿರುಗುತ್ತದೆ. ಹೋಲ್ಡರಿಗೆ ಆರು ಮೂಲೆ ಇದ್ದರೆ ಅದಕ್ಕೊಪ್ಪುವ ಸಣ್ಣ ಬಾಕ್ಸ್ ಸ್ಪ್ಯಾನರ್ ಹಾಕಿ. ಪ್ಲೈಯರಿನಲ್ಲಿ ಹಿಡಿದರೆ ಮೂಲೆ ಹೋಗುತ್ತದೆ. ಮಿಕುನಿಯ ವಿಎಂ ಮಾದರಿಯಲ್ಲಿ, ಅಂದರೆ ಆರ್‌ಎಕ್ಸ್ 100, ಹಳೆಯ ಬುಲೆಟ್ ಮುಂತಾದವುಗಳಲ್ಲಿ, ಮೈನ್ ಜೆಟ್ ತೆಗೆದ ಮೇಲೆ ನೀಡಲ್ ಜೆಟ್ಟನ್ನು (ಸ್ಲೈಡಿನ ಸೂಜಿ ಇಳಿಯುವ ಹಿತ್ತಾಳೆ ಕೊಳವೆ) ಕೆಳಗಿನಿಂದ ಮೇಲಕ್ಕೆ ತಳ್ಳಿ ತೆಗೆಯಬೇಕು. ತಳ್ಳುವುದಕ್ಕೆ ಉಕ್ಕು ಬೇಡ. ಅಡಿಕೆ ಸಲಕೆಯಿಂದ ಸೀಳಿ ನಯ ಮಾಡಿದ ಒಂದು ಕಡ್ಡಿ ಇದಕ್ಕೆ ಹೇಳಿ ಮಾಡಿಸಿದ್ದು: ಗಟ್ಟಿ, ಆದರೆ ಹಿತ್ತಾಳೆಗೆ ಗೀರು ಬೀಳುವುದಿಲ್ಲ.

ಇನ್ನು ಜೆಟ್ಟಿನ ತೂತು. ಎಲ್ಲರ ಕೈಯೂ ಪಿನ್ನಿಗೆ ಹೋಗುವುದು ಇಲ್ಲೇ. ಕೀಹಿನ್ ಜೆಟ್ಟುಗಳ ನಂಬರ್ ಸರಿಸುಮಾರು ತೂತಿನ ವ್ಯಾಸವನ್ನೇ ಹೇಳುತ್ತದೆ. 38 ಎಂದರೆ 0.38 ಮಿಲಿಮೀಟರ್. ಅದನ್ನು ಗೀರಿ 0.40 ಮಾಡಿದಿರಿ ಎಂದುಕೊಳ್ಳಿ. ಹೆಚ್ಚಿದ್ದು ಮಿಲಿಮೀಟರಿನ ನೂರು ಪಾಲಿನಲ್ಲಿ ಎರಡು ಪಾಲು, ಕಣ್ಣಿಗೆ ಕಾಣದಷ್ಟು. ಆದರೆ ಪೆಟ್ರೋಲ್ ಹರಿಯುವ ಜಾಗ ಸುಮಾರು 11 ಶೇಕಡ ಹಿಗ್ಗಿತು. ಐಡ್ಲಿಂಗಿನಲ್ಲಿ ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಇಳಿಯುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಸರಿಯಾಗುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಟಿಪ್ ಕ್ಲೀನರ್ ಸೆಟ್ಟನ್ನು ಇದಕ್ಕೇ ಹೇಳಿ ಮಾರುವವರಿದ್ದಾರೆ. ಅದರ ಕಡ್ಡಿಗಳ ಮೈಮೇಲೆ ಗೆರೆಗಳಿವೆ, ಅಂದರೆ ಅದು ಉರುಟು ಅರ. ಜೆಟ್ ದೊಡ್ಡದು ಮಾಡಬೇಕೆಂದಿದ್ದರೆ ಮಾತ್ರ ಅದು ಸರಿ. ಕ್ಲಚ್ ಕೇಬಲಿನ ಎಳೆ, ಗಿಟಾರಿನ ತಂತಿ ಇವೂ ಉಕ್ಕೇ. ಹಿತ್ತಾಳೆಗಿಂತ ಮೆದುವಾದ ತಾಮ್ರವೇ ಬೇಕು. 1 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವಯರಿನ ಒಂದೆಳೆ ಸುಮಾರು 0.2ರಿಂದ 0.3 ಮಿಲಿಮೀಟರ್, ಹೆಚ್ಚಿನ ಪೈಲಟ್ ಜೆಟ್ಟುಗಳಲ್ಲಿ ಹೋಗುತ್ತದೆ. ಅದೂ ಕೊನೆಯ ಉಪಾಯ. ಮೊದಲು ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ತೂತು ಪೂರ್ತಿ ದುಂಡಗೆ ಕಾಣಬೇಕು. ಅರ್ಧಚಂದ್ರ ಕಂಡರೆ ಕೊಳೆ ಇನ್ನೂ ಇದೆ.

ಹಿಡಿಸೂಡಿ (ಪೊರಕೆ) ಕಡ್ಡಿಯಿಂದ ಬೌಲಿನ ಮೂಲೆಯ ಕೊಳೆ ಕೆರೆಯಬಹುದು, ಚೆನ್ನಾಗಿಯೇ ಬರುತ್ತದೆ. ಮೈಯ ಸಣ್ಣ ದಾರಿಗಳೊಳಗೆ ಮಾತ್ರ ತೂರಿಸಬೇಡಿ. ನಾರು ಒಳಗೆ ಮುರಿದರೆ ತೆಗೆಯುವ ಉಪಾಯವಿಲ್ಲ. ಹುಣಸೆಹುಳಿ, ಲಿಂಬೆರಸದಲ್ಲಿ ನೆನೆಸುವ ಪದ್ಧತಿಯೂ ಇದೆ. ಹಿತ್ತಾಳೆ ದೀಪಕ್ಕೆ ಅದು ಚಂದ, ಕಾರ್ಬುರೇಟರಿನ ಸತುವನ್ನು ಹುಳಿ ತಿನ್ನುತ್ತದೆ. ಡಬ್ಬದ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವ ಮುಂಚೆ ಓ ರಿಂಗ್, ಗ್ಯಾಸ್ಕೆಟ್, ಫ್ಲೋಟ್ ನೀಡಲ್ (ಬೌಲಿನಲ್ಲಿ ತೇಲುವ ಫ್ಲೋಟ್ ಎದ್ದಾಗ ಪೆಟ್ರೋಲ್ ಬರುವ ದಾರಿ ಮುಚ್ಚುವ ಸೂಜಿ) ಎಲ್ಲ ಹೊರಗೆ ತೆಗೆದಿಡಿ. ಪಲ್ಸರಿನಂಥ ಬೈಕುಗಳ ಸಿವಿ ಎಂಬ ಮಾದರಿಯ ಕಾರ್ಬುರೇಟರಿನಲ್ಲಿ ಮೇಲಿನ ಮುಚ್ಚಳದಡಿ ತೆಳು ರಬ್ಬರಿನ ಡಯಾಫ್ರಮ್ ಇದೆ. ಅದಕ್ಕೆ ಸ್ಪ್ರೇ ತಾಗಿದರೆ ಊದಿಕೊಂಡು ತನ್ನ ಚರಂಡಿಯಲ್ಲಿ ಮತ್ತೆ ಕೂರುವುದಿಲ್ಲ. ಒತ್ತಾಯಕ್ಕೆ ಕೂರಿಸಿ ಅಂಚು ಚಿವುಟಿಕೊಂಡರೆ ಗಾಳಿಯ ದಾರಿ ತೆರೆಯುವ ಸ್ಲೈಡ್ ಏಳುವುದಿಲ್ಲ, ಆಕ್ಸಿಲೇಟರ್ ಕೊಟ್ಟರೂ ಬೈಕ್ ಮೇಲೇಳುವುದಿಲ್ಲ. ಕಂಪ್ರೆಸರಿನ ಗಾಳಿ ಹಿಡಿಯುವುದಾದರೆ ಕಾರ್ಬುರೇಟರ್ ಪೂರ್ತಿ ಬಿಚ್ಚಿರಬೇಕು, ಕಣ್ಣಿಗೆ ಕನ್ನಡಕವಿರಬೇಕು. ಸಣ್ಣ ದಾರಿಯಿಂದ ಕ್ಲೀನರ್ ಹಿಂದಕ್ಕೆ ಚಿಮ್ಮಿ ನೇರ ಮುಖಕ್ಕೇ ಬರುತ್ತದೆ.

ಬಿಚ್ಚುವುದಕ್ಕೆ ಮೊದಲು ಹೊರಗಿನ ಮೈ ತೊಳೆಯುವುದನ್ನು ಬಿಟ್ಟುಬಿಡುವವರೇ ಜಾಸ್ತಿ. ಮುರಕಲ್ಲಿನ ಕೆಂಪು ಧೂಳು ಎಣ್ಣೆಪಸೆಗೆ ಅಂಟಿ ಗಟ್ಟಿಯಾಗಿರುತ್ತದೆ. ಬೌಲ್ ತೆಗೆದ ಕೂಡಲೇ ಅದು ಒಳಗೆ ಉದುರಿ, ತೊಳೆಯಲು ಹೊರಟದ್ದಕ್ಕೆ ಇನ್ನಷ್ಟು ಮಣ್ಣು ಸೇರಿಸಿದಂತಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸೀಮೆಎಣ್ಣೆ ಸಾಕು.

ಐಡ್ಲಿಂಗಿನಲ್ಲಿ ಪೆಟ್ರೋಲ್-ಗಾಳಿಯ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವಿಗೆ ಬೇಕಾದದ್ದು ಗಿಡ್ಡ ಹಿಡಿಯ ಮೈನಸ್ ಡ್ರೈವರ್. ಬೈಕಿನ ಮೇಲೆಯೇ ತಿರುಗಿಸಬೇಕಾದ್ದರಿಂದ ಉದ್ದದ್ದು ಫ್ರೇಮಿಗೋ ಇಂಜಿನ್ನಿಗೋ ತಾಗುತ್ತದೆ. ಈ ಸ್ಕ್ರೂ ಏರ್ ಫಿಲ್ಟರಿನ ಕಡೆಗಿದ್ದರೆ ಗಾಳಿಯದು, ಹೊರಕ್ಕೆ ತಿರುಗಿಸಿದಷ್ಟೂ ಮಿಶ್ರಣ ತೆಳುವಾಗುತ್ತದೆ. ಇಂಜಿನ್ ಕಡೆಗಿದ್ದರೆ ಪೆಟ್ರೋಲಿನದು, ಹೊರಕ್ಕೆ ಬಂದಷ್ಟೂ ಪೆಟ್ರೋಲ್ ಜಾಸ್ತಿ. ಇದನ್ನು ತಿಳಿಯದೆ ಒಬ್ಬರ ಬೈಕಿನ ಲೆಕ್ಕವನ್ನು ಇನ್ನೊಬ್ಬರ ಬೈಕಿಗೆ ಹಾಕುವುದೇ ‘ಮೈಲೇಜ್ ಸೆಟ್ಟಿಂಗ್’ ಎಂಬ ಅರ್ಧಕ್ಕರ್ಧ ಗೊಂದಲದ ಮೂಲ. ಬಿಚ್ಚುವ ಮುಂಚೆ ಮೆಲ್ಲಗೆ ಒಳಕ್ಕೆ ತಿರುಗಿಸಿ, ತಾಗುವವರೆಗೆ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ. ತಾಗಿದ ಮೇಲೆ ಬಿಗಿಯಬಾರದು. ಸೂಜಿಮೊನೆ ಬಾಗುತ್ತದೆ, ಮುರಿದು ತೂತಿನಲ್ಲೇ ಉಳಿದರಂತೂ ಮೈಯೇ ಬದಲಿಸಬೇಕು. ಪೆಟ್ರೋಲ್ ಸ್ಕ್ರೂವಿನ ತುದಿಯಿಂದ ಹಿಂದಕ್ಕೆ ಮೊದಲು ಓ ರಿಂಗ್, ಆಮೇಲೆ ವಾಷರ್, ಕೊನೆಗೆ ಸ್ಪ್ರಿಂಗ್. ಸ್ಕ್ರೂ ಹೊರಬಂದರೂ ಓ ರಿಂಗ್ ತೂತಿನಲ್ಲೇ ಕೂತಿರುವುದುಂಟು. ಅದನ್ನು ನೋಡದೆ ಹೊಸ ಓ ರಿಂಗ್ ಹಾಕಿದರೆ ಎರಡು ಸೇರಿ ಸ್ಕ್ರೂ ಪೂರ್ತಿ ಒಳಗೆ ಹೋಗುವುದಿಲ್ಲ, ಸುತ್ತಿನ ಲೆಕ್ಕವೆಲ್ಲ ತಪ್ಪುತ್ತದೆ. ಕೆಲವು ಕೀಹಿನ್‌ಗಳಲ್ಲಿ ಸೀಳೇ ಇರುವುದಿಲ್ಲ, ಡಿ ಆಕಾರದ ತಲೆ ಇರುತ್ತದೆ. ಅದಕ್ಕೆ ಅದರದ್ದೇ ಟೂಲ್ ಬೇಕು.

ಫ್ಲೋಟಿನ ಪಿನ್ ಸಾಮಾನ್ಯವಾಗಿ ಬೆರಳಲ್ಲೇ ಜಾರುತ್ತದೆ. ಜಾರದಿದ್ದರೆ ಒಂದು ಬದಿ ಬಿಗಿಯಾಗಿ ಕೂತಿದೆ ಎಂದರ್ಥ. ಪಿನ್ನಿಗೆ ತಲೆ ಇದ್ದರೆ ತಲೆಯ ಕಡೆಗೇ ಹೊರಬರುವಂತೆ ಎದುರಿನಿಂದ ತಟ್ಟಬೇಕು. ತಟ್ಟುವುದಕ್ಕೆ ಪಿನ್ನಿಗಿಂತ ಸ್ವಲ್ಪ ತೆಳುವಾದ ಪಂಚ್, ಇಲ್ಲವೇ ತುದಿ ಸಪಾಟು ಮಾಡಿದ ಮೊಳೆ. ಪಿನ್ ಹಿಡಿದಿರುವ ಎರಡು ಗೂಟಗಳು ಮೈಯ ಜೊತೆಗೇ ಎರಕವಾಗಿರುವಂಥವು. ಅಡ್ಡ ಪೆಟ್ಟು ಬಿದ್ದರೆ ಬಿಸ್ಕತ್ತಿನಂತೆ ಮುರಿಯುತ್ತವೆ, ಅಂಟು ಹಾಕಿ ಉಳಿಸಲಾಗದು. ಗೂಟಕ್ಕೆ ಹಿಂದಿನಿಂದ ಮರದ ತುಂಡಿನ ಆಧಾರ ಕೊಟ್ಟು ತಟ್ಟಿ.

ಫ್ಲೋಟಿನ ಎತ್ತರ ಅಳೆಯಲು ವರ್ನಿಯರ್ ಕ್ಯಾಲಿಪರಿನ ಬಾಲದ ಕಡ್ಡಿ ಸಾಕು. ಕಾರ್ಬುರೇಟರನ್ನು ಓರೆಯಾಗಿ ಹಿಡಿದು, ಫ್ಲೋಟಿನ ನಾಲಿಗೆ ನೀಡಲಿನ ಸ್ಪ್ರಿಂಗ್ ಪಿನ್ನನ್ನು ಮುಟ್ಟಿಯೂ ಒತ್ತದ ಸ್ಥಿತಿಯಲ್ಲಿ ಅಳೆಯಬೇಕು. ಪೂರ್ತಿ ತಲೆಕೆಳಗು ಮಾಡಿದರೆ ಫ್ಲೋಟಿನ ಭಾರಕ್ಕೆ ಸ್ಪ್ರಿಂಗ್ ಕುಗ್ಗಿ ಲೆಕ್ಕ ತಪ್ಪುತ್ತದೆ. ಎಷ್ಟು ಮಿಲಿಮೀಟರ್ ಎಂಬುದು ಆಯಾ ಬೈಕಿನ ಸರ್ವಿಸ್ ಮ್ಯಾನುವಲಿನಲ್ಲಿ ಇರುತ್ತದೆ, ಅಂದಾಜಿಗೆ ಹೋಗಬೇಡಿ. ಇನ್ನೊಂದು ವಿಧಾನ ನನಗೆ ಹೆಚ್ಚು ಇಷ್ಟ: ಡ್ರೈನಿನ ತುದಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಪೈಪನ್ನು ಬೌಲಿನ ಪಕ್ಕಕ್ಕೆ ಮೇಲ್ಮುಖ ಹಿಡಿದು, ಬೈಕನ್ನು ಮೈನ್ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಪೆಟ್ರೋಲ್ ಕೀ ತೆಗೆದು ಡ್ರೈನ್ ಸ್ಕ್ರೂ ಸಡಿಲಿಸುವುದು. ಒಳಗಿನ ಮಟ್ಟ ಪೈಪಿನಲ್ಲಿ ಕಾಣುತ್ತದೆ. ಗ್ಯಾಸ್ಕೆಟ್ ಗೆರೆ ದಾಟಿ ಏರುತ್ತಲೇ ಹೋದರೆ ನೀಡಲ್ ಮುಚ್ಚುತ್ತಿಲ್ಲ. ನೀಡಲಿನ ರಬ್ಬರ್ ಮೊನೆಯನ್ನು ಭೂತಕನ್ನಡಿಯಲ್ಲಿ ನೋಡಿ. ಸುತ್ತಲೂ ಬಳೆಯಂಥ ಗುಳಿ ಬಿದ್ದಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು. ಹಿತ್ತಾಳೆ ಫ್ಲೋಟಾದರೆ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದಾದರೆ ತೂತಾಗಿದೆ, ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗವೇ ತೂತು.

ಸ್ಪ್ಯಾನರಿನ ವಿಷಯ ಚಿಕ್ಕದು. ಕಾರ್ಬುರೇಟರನ್ನು ಇಂಜಿನ್ನಿಗೆ ಸೇರಿಸುವ 6 ಮಿಲಿಮೀಟರ್ ಬೋಲ್ಟುಗಳಿಗೆ ಸಾಮಾನ್ಯವಾಗಿ 10ರ ತಲೆ, ಕೆಲವು ಕಡೆ 8. ಟಿ ಸ್ಪ್ಯಾನರ್ ನೇರ ಸಿಗುವಲ್ಲಿ ಅದು, ಇಲ್ಲದಲ್ಲಿ ರಿಂಗ್ ಸ್ಪ್ಯಾನರ್. ಎರಡು ಬದಿಯನ್ನೂ ಸ್ವಲ್ಪ ಸ್ವಲ್ಪವಾಗಿ ಸಮ ಬಿಗಿಯಿರಿ. ಒಂದೇ ಬದಿ ಎಳೆದರೆ ಫ್ಲೇಂಜ್ ಬಾಗಿ ಗಾಳಿ ಸೋರುತ್ತದೆ, ಐಡ್ಲಿಂಗ್ ಒಮ್ಮೆ ಏರುತ್ತದೆ ಒಮ್ಮೆ ಇಳಿಯುತ್ತದೆ. ಜನ ಆಗ ಜೆಟ್ಟನ್ನು ಬೈಯುತ್ತಾರೆ. ಬಾಗಿದೆಯೇ ಎಂದು ನೋಡಲು ಗಾಜಿನ ತುಂಡಿನ ಮೇಲಿಟ್ಟು ಅಲ್ಲಾಡಿಸಿ. ಅಲ್ಲಾಡಿದರೆ ಗಾಜಿನ ಮೇಲೆ 400ರ ಸ್ಯಾಂಡ್‌ಪೇಪರ್ ಹಾಸಿ ಎಂಟರ ಆಕಾರದಲ್ಲಿ ಉಜ್ಜಿ.

ಬಿಚ್ಚಿದ್ದನ್ನು ಹಾಕಿಡಲು ಅಯಸ್ಕಾಂತದ ತಟ್ಟೆ ಕೊಳ್ಳಬೇಡಿ. ಜೆಟ್ ಹಿತ್ತಾಳೆ, ಮೈ ಸತು. ಅಂಟುವುದು ನಾಲ್ಕು ಸ್ಕ್ರೂ ಮಾತ್ರ. ಊಟದ ಹಳೆ ಸ್ಟೀಲ್ ತಟ್ಟೆಗೆ ಬಿಳಿ ಬಟ್ಟೆ ಹಾಸಿದರೆ ಸಾಕು, ಓ ರಿಂಗ್ ಉರುಳಿ ಹೋಗುವುದಿಲ್ಲ. ಸ್ಲೈಡಿನಲ್ಲಿ ತೂಗುವ ನೀಡಲಿನ ಸಣ್ಣ ಕ್ಲಿಪ್ ತೆಗೆಯುವಾಗ ಎರಡೂ ಕೈಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟುಕೊಂಡು ತೆಗೆಯಿರಿ. ಹಾರಿದರೂ ಚೀಲದಲ್ಲೇ ಬೀಳುತ್ತದೆ. ಗೆರೆಗಳನ್ನು ಮೇಲಿನಿಂದ ಎಣಿಸಬೇಕು. ಕ್ಲಿಪ್ ಕೆಳಗಿನ ಗೆರೆಗೆ ಹೋದರೆ ನೀಡಲ್ ಮೇಲೇರಿ ಪೆಟ್ರೋಲ್ ಜಾಸ್ತಿಯಾಗುತ್ತದೆ. ಸ್ಲೈಡನ್ನು ವಾಪಸ್ ಹಾಕುವಾಗ ಅದರ ಕೊಯ್ದ ಬದಿ ಏರ್ ಫಿಲ್ಟರಿನ ಕಡೆಗಿರಲಿ. ತಿರುವುಮುರುವು ಕೂರಿಸಿ ಬಲವಂತ ಮಾಡಿದರೆ ಆಕ್ಸಿಲೇಟರ್ ಎತ್ತರದಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಹೊರಡುವ ಮುಂಚೆ ಇಂಜಿನ್ ಶುರು ಮಾಡದೆಯೇ ನಾಲ್ಕು ಸಲ ತಿರುಗಿಸಿ ಬಿಟ್ಟು, ಸ್ಲೈಡ್ ಬೀಳುವ ‘ಟಕ್’ ಶಬ್ದ ಕೇಳಿ.

ತೋಟ ಇರುವವರ ಮನೆಯಲ್ಲಿ ಇದೇ ಟೂಲುಗಳು ಹುಲ್ಲು ಕೊಯ್ಯುವ ಮೆಷಿನ್ನಿಗೂ ಹೋಗುವುದು ಸಹಜ. ಅಲ್ಲಿರುವುದು ಬೇರೆಯೇ ಜಾತಿಯ ಕಾರ್ಬುರೇಟರ್. ಬಹುತೇಕದವುಗಳಲ್ಲಿ ಬೌಲಿಲ್ಲ, ಫ್ಲೋಟಿಲ್ಲ, ಡಯಾಫ್ರಮ್ಮಿನ ಮೇಲೆ ನಡೆಯುತ್ತದೆ. ಎಚ್ (ಜೋರಿನ ಓಟಕ್ಕೆ), ಎಲ್ (ನಿಧಾನದ ಓಟಕ್ಕೆ) ಎಂದು ಬರೆದ ಎರಡು ಸ್ಕ್ರೂಗಳ ತಲೆ ಹಲವು ಮಾದರಿಗಳಲ್ಲಿ ಡಿ ಆಕಾರದ್ದೋ ಸಣ್ಣ ಹಲ್ಲಿನದ್ದೋ ಆಗಿರುತ್ತದೆ. ಮೈನಸ್ ಡ್ರೈವರ್ ತುರುಕಿ ತಿರುಗಿಸಿದರೆ ಹಿತ್ತಾಳೆ ಹರಿಯುತ್ತದೆ. ತಲೆಯ ಫೋಟೊ ತೆಗೆದು ಅಳತೆ ನೋಡಿ ಅದರದ್ದೇ ಡ್ರೈವರ್ ತರಿಸಿಕೊಳ್ಳಿ. ಎಚ್ ಸ್ಕ್ರೂವನ್ನು ಪೂರ್ತಿ ಒಳಕ್ಕೆ ಹಾಕಿ ಜೋರಾಗಿ ಓಡಿಸಿದರೆ ಎಣ್ಣೆ ಕಲಸಿದ ಪೆಟ್ರೋಲ್ ಸಾಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಅದು ಕಾರ್ಬುರೇಟರಿಗಿಂತ ದೊಡ್ಡ ಖರ್ಚು.

ಮಳೆಗಾಲದಲ್ಲಿ ಬೈಕಾಗಲಿ ಮೆಷಿನ್ನಾಗಲಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೆಟ್ರೋಲ್ ಕೀ ಮುಚ್ಚಿ ಬೌಲ್ ಖಾಲಿ ಮಾಡಿ. ಈಗ ಬರುವ ಪೆಟ್ರೋಲಿನಲ್ಲಿ 20 ಶೇಕಡದವರೆಗೆ ಎಥನಾಲ್ ಇದೆ, ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಬೌಲಿನ ತಳದಲ್ಲಿ ನಿಂತ ಆ ನೀರೇ ಸತುವಿನಲ್ಲಿ ಬಿಳಿ ಪುಡಿ, ಹಿತ್ತಾಳೆಯಲ್ಲಿ ಹಸಿರು ಕಿಲುಬು ಎಬ್ಬಿಸುವುದು. ಟೂಲುಗಳಿಗೂ ಆಟಿ ತಿಂಗಳ ಮಳೆ ಒಳ್ಳೆಯದಲ್ಲ. ತೆಂಗಿನೆಣ್ಣೆ ಕೈಗೆ ಸಿಗುತ್ತದೆಂದು ಸವರುತ್ತಾರೆ, ದಿನ ಕಳೆದಂತೆ ಅದು ಅಂಟಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ವಾಸಿ. ಡ್ರೈವರಿನ ಮೊನೆಗಳಿಗೆ ಎರಡು ತೊಟ್ಟು ಹಾಕಿ ಒರೆಸಿ, ಬಟ್ಟೆಯಲ್ಲಿ ಸುತ್ತಿಡಿ. ಮುಂದಿನ ಸಲ ತೆಗೆದಾಗ ಮೊನೆಯ ಎಣ್ಣೆಯನ್ನು ಪೂರ್ತಿ ಒರೆಸಿಯೇ ಸ್ಕ್ರೂವಿಗೆ ಇಡಬೇಕು, ಎಣ್ಣೆ ಇದ್ದರೆ ಸರಿಯಾದ ಮೊನೆಯೂ ಜಾರುತ್ತದೆ.